ಒತ್ತಡಮಾಪಕದ ಸಾಕ್ಷ್ಯ: ಹಬೆಯಿಂದ ಬಟ್ಟೆಗಳ ಕ್ರಿಮಿಶುದ್ಧಿಯ ಚರಿತ್ರೆಯನ್ನು ಕುರಿತು ಒಂದು ವಿಮರ್ಶೆ

೧

ವೈದ್ಯಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವ ಗ್ರಂಥಗಳಲ್ಲಿ ಹಬೆಯಿಂದ ಮಾಡುವ ಕ್ರಿಮಿಶುದ್ಧಿಗೆ, ಎಂದರೆ ಇಂದು ಎಲ್ಲರೂ ಸ್ಟೆರಿಲೈಸೇಷನ್ ಎಂದು ಕರೆಯುವ ಕ್ರಿಯೆಗೆ, ದೊರೆಯುವ ಸ್ಥಳ ಬಹು ಸ್ವಲ್ಪ. ದೊರೆತಷ್ಟು ಸ್ಥಳದಲ್ಲಿಯೂ ಕಥೆ ಹೆಚ್ಚುಕಡಮೆ ಒಂದೇ ಜಾಡಿನಲ್ಲಿ ಸಾಗುತ್ತದೆ. ೧೬೭೯ರಲ್ಲಿ ಡೆನಿಸ್ ಪಾಪಿನನು ಮುಚ್ಚಳವನ್ನು ಬಿಗಿದ ಪಾತ್ರೆಯಲ್ಲಿ ಹಬೆಯನ್ನು ಸೆರೆಹಿಡಿದನು; ಲೂಯಿ ಪಾಶ್ಚರನು ಸೂಕ್ಷ್ಮಜೀವಿಗಳ ಪ್ರಭಾವವನ್ನು ತೋರಿಸಿದನು; ೧೮೬೭ರಲ್ಲಿ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದಿಂದ ಗಾಯಗಳನ್ನು ರಕ್ಷಿಸುವ ತನ್ನ ಕ್ರಮವನ್ನು ಪ್ರಕಟಿಸಿದನು; ಪಾಶ್ಚರನ ಸಹಾಯಕನಾದ ಚಾರ್ಲ್ಸ್ ಚೇಂಬರ್ಲೆಂಡನು ೧೮೮೦ರ ಆಸುಪಾಸಿನಲ್ಲಿ ಆಟೋಕ್ಲೇವ್ ಯಂತ್ರವನ್ನು ರೂಪಿಸಿದನು; ಬರ್ಲಿನ್ನಿನಲ್ಲಿ ಅರ್ನ್‌ಸ್ಟ್ ಫಾನ್ ಬೆರ್ಗ್‌ಮನ್ನನೂ ಅವನ ಶಿಷ್ಯ ಕುರ್ಟ್ ಷಿಮ್ಮೆಲ್‌ಬುಷನೂ ಶಸ್ತ್ರಕ್ರಿಯೆಯ ಬಟ್ಟೆಗಳನ್ನು ಹಬೆಯಿಂದ ಶುದ್ಧಿಮಾಡುವ ಪದ್ಧತಿಯನ್ನು ನೆಲೆಗೊಳಿಸಿದರು. ಇಷ್ಟಕ್ಕೆ ಕಥೆ ಮುಗಿಯುತ್ತದೆ. ಆಮೇಲೆ ನಡೆದುದೆಲ್ಲವೂ ಯಂತ್ರಗಳ ಗಾತ್ರವೂ ನಯವೂ ಹೆಚ್ಚಿದ ವೃತ್ತಾಂತವೆಂದು ಓದುಗನು ಭಾವಿಸಿಕೊಳ್ಳುತ್ತಾನೆ.

ಈ ಕಥೆಯ ಒಂದೊಂದು ವಾಕ್ಯವೂ ತನ್ನಷ್ಟಕ್ಕೆ ಸರಿಯಾಗಿಯೇ ಇದೆ. ಆದರೂ ಅದನ್ನು ಹಾಗೆಯೇ ಒಪ್ಪಿಕೊಳ್ಳಲು ನಮಗೆ ಸಾಧ್ಯವಾಗಿಲ್ಲ. ಏಕೆಂದರೆ ಇದರಲ್ಲಿ ಶಾಖಕ್ಕೆ ಪಾತ್ರವಿದೆ, ಹಬೆಗೆ ಪಾತ್ರವಿದೆ, ಒತ್ತಡಕ್ಕೆ ಪಾತ್ರವಿದೆ. ಆದರೆ ಬಟ್ಟೆಯ ಮಡಿಕೆಗಳೊಳಗೆ ಮೊದಲಿನಿಂದಲೂ ಮನೆಮಾಡಿಕೊಂಡಿರುವ ಗಾಳಿಗೆ ಪಾತ್ರವೇ ಇಲ್ಲ. ಬಟ್ಟೆಯನ್ನು ಹಬೆಯಿಂದ ಶುದ್ಧಿಗೊಳಿಸುವ ವಿದ್ಯೆಯ ನಿಜವಾದ ಚರಿತ್ರೆ ಗಾಳಿಯನ್ನು ಹೊರದೂಡುವ ಪ್ರಯತ್ನದ ಚರಿತ್ರೆಯೇ ಆಗಿದೆ ಎಂಬುದನ್ನೂ, ಆ ಪ್ರಯತ್ನವು ೧೯ನೆಯ ಶತಮಾನದಲ್ಲಿ ಮುಗಿಯದೆ ೨೦ನೆಯ ಶತಮಾನದ ನಡುಭಾಗದವರೆಗೂ ಮುಂದುವರಿಯಿತೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಇದರಿಂದ ಚರಿತ್ರೆಯ ವಿದ್ಯಾರ್ಥಿಗಳಿಗೆ ದೊರೆಯಬಹುದಾದ ಒಂದು ಪಾಠವನ್ನು ಕೊನೆಯಲ್ಲಿ ಸೂಚಿಸಿದ್ದೇವೆ.

೨

ವಿಷಯದ ಭೌತಿಕ ಸ್ವರೂಪವನ್ನು ಮೊದಲು ತಿಳಿಯದೆ ವಿಮರ್ಶೆಗೆ ತೊಡಗುವುದು ಉಚಿತವಲ್ಲ. ಬಿಸಿಯಾದ ಒಣಗಾಳಿಗೂ ಹಬೆಗೂ ಇರುವ ಅಂತರವು ಉಷ್ಣತೆಯ ಅಂತರವಲ್ಲ. ಒಂದು ಗ್ರಾಂ ಕುದಿಯುವ ನೀರು ೧೦೦ ಡಿಗ್ರಿಯಿಂದ ೨೦ ಡಿಗ್ರಿಗೆ ತಣಿದರೆ ಬಿಟ್ಟುಕೊಡುವ ಶಾಖ ೮೦ ಕ್ಯಾಲೊರಿ. ಒಂದು ಗ್ರಾಂ ಹಬೆಯು ಉಷ್ಣತೆಯಲ್ಲಿ ಒಂದು ಡಿಗ್ರಿಯೂ ಇಳಿಯದೆ ಬರಿದೆ ನೀರಾಗಿ ಪರಿಣಮಿಸಿದರೆ ಬಿಟ್ಟುಕೊಡುವ ಶಾಖ ಸುಮಾರು ೫೪೦ ಕ್ಯಾಲೊರಿ. ಜೋಸೆಫ್ ಬ್ಲ್ಯಾಕನು ೧೭೬೦ರ ದಶಕದ ಮೊದಲಲ್ಲಿ ಗ್ಲ್ಯಾಸ್ಗೋ ವಿಶ್ವವಿದ್ಯಾನಿಲಯದಲ್ಲಿದ್ದಾಗ ಗುರುತಿಸಿದ ಗುಪ್ತೋಷ್ಣವೆಂಬುದು ಇದೇ. ತಣ್ಣನೆಯ ಬಟ್ಟೆಯ ಎಳೆಯನ್ನು ಮುಟ್ಟಿದ ಹಬೆಯು ಅಲ್ಲಿಯೇ ನೀರಾಗಿ, ಈ ಶಾಖವನ್ನೆಲ್ಲ ಎಳೆಗೆ ಒಪ್ಪಿಸುತ್ತದೆ. ನೀರಾದ ಹಬೆಯ ಗಾತ್ರವು ಸಾಧಾರಣ ಒತ್ತಡದಲ್ಲಿ ಸುಮಾರು ೧೬೦೦ರಲ್ಲಿ ಒಂದು ಪಾಲಿಗೆ ಕುಗ್ಗಿಹೋಗುವುದರಿಂದ, ತೆರವಾದ ಜಾಗಕ್ಕೆ ಹೊಸ ಹಬೆ ತಾನಾಗಿಯೇ ನುಗ್ಗುತ್ತದೆ. ಹೀಗೆ ಹಬೆಯು ತನ್ನ ದಾರಿಯನ್ನು ತಾನೇ ಮಾಡಿಕೊಂಡು ಪದರದಿಂದ ಪದರಕ್ಕೆ ಮುಂದುವರಿಯುತ್ತದೆ. ಇದಲ್ಲದೆ ತೇವದಿಂದ ಕೂಡಿದ ಶಾಖವು ಸೂಕ್ಷ್ಮಜೀವಿಗಳ ದೇಹದ ಪ್ರೋಟೀನುಗಳನ್ನು ಒಣಶಾಖಕ್ಕಿಂತ ಬಹು ಬೇಗ ಕೆಡಿಸುತ್ತದೆ.

ಈ ವ್ಯವಸ್ಥೆಗೆಲ್ಲ ಒಂದೇ ಒಂದು ಶತ್ರುವುಂಟು. ಗಾಳಿಯು ನೀರಾಗುವುದಿಲ್ಲ, ಗುಪ್ತೋಷ್ಣವನ್ನು ಕೊಡುವುದಿಲ್ಲ, ಕುಗ್ಗಿ ದಾರಿಬಿಡುವುದಿಲ್ಲ. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಅರಳೆ, ಟವೆಲು, ನಿಲುವಂಗಿ ಇವುಗಳ ಕಟ್ಟಿನಲ್ಲಿ ನೂಲು ಆಕ್ರಮಿಸುವ ಜಾಗಕ್ಕಿಂತ ಗಾಳಿ ಆಕ್ರಮಿಸುವ ಜಾಗವೇ ಹೆಚ್ಚು. ಹಬೆ ಹೊರಗಿನಿಂದ ಒತ್ತಿಬಂದಂತೆ ಈ ಗಾಳಿಯು ಹೊರಬರಲು ದಾರಿಕಾಣದೆ ಕಟ್ಟಿನ ನಡುಭಾಗಕ್ಕೆ ಸರಿದು ಅಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಕಟ್ಟಿನ ಹೊರಪದರಗಳು ಸುಡುವಷ್ಟು ಬಿಸಿಯಾಗಿದ್ದರೂ ಒಳಗಿನ ಈ ಗಾಳಿಯ ಮಡುವಿನಲ್ಲಿ ಉಷ್ಣತೆಯೂ ಕಡಮೆ, ತೇವವೂ ಕಡಮೆ.

ಇನ್ನು ಒತ್ತಡದ ಮಾತು. ೧೮೦೧ರಲ್ಲಿ ಜಾನ್ ಡಾಲ್ಟನನು ಹೇಳಿದಂತೆ, ಬೆರೆತ ಅನಿಲಗಳ ಒಟ್ಟು ಒತ್ತಡವು ಒಂದೊಂದರ ಒತ್ತಡಗಳ ಮೊತ್ತಕ್ಕೆ ಸಮ. ಮಾಪಕದ ಮುಳ್ಳು ಈ ಮೊತ್ತವನ್ನು ಮಾತ್ರ ಬಲ್ಲುದು. ಅದರಲ್ಲಿ ಹಬೆಯ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂಬುದನ್ನು ಅರಿಯದು. ಚದರ ಅಂಗುಲಕ್ಕೆ ೧೫ ಪೌಂಡುಗಳ ಒತ್ತಡವನ್ನು ಮಾಪಕವು ತೋರಿಸುತ್ತಿರುವಾಗ, ಪಾತ್ರೆಯ ಗಾಳಿಯೆಲ್ಲವೂ ಹೊರಹೋಗಿದ್ದರೆ ಒಳಗಿನ ಉಷ್ಣತೆ ೧೨೧ ಡಿಗ್ರಿ ಸೆಂಟಿಗ್ರೇಡ್. ಗಾಳಿಯ ಮೂರರಲ್ಲಿ ಎರಡು ಪಾಲು ಮಾತ್ರ ಹೋಗಿದ್ದರೆ ೧೧೫. ಅರ್ಧ ಹೋಗಿದ್ದರೆ ೧೧೨. ಮೂರರಲ್ಲಿ ಒಂದು ಪಾಲು ಹೋಗಿದ್ದರೆ ೧೦೯. ಏನೂ ಹೋಗದಿದ್ದರೆ ಕೇವಲ ೧೦೦. ಐದು ಸಂದರ್ಭಗಳಲ್ಲಿಯೂ ಮುಳ್ಳು ನಿಂತಿರುವುದು ಒಂದೇ ಅಂಕೆಯ ಮೇಲೆ! ಈ ವಿಷಯವು ನಮ್ಮ ಗೃಹಿಣಿಯರಿಗೆ ತಿಳಿಯದುದೇನೂ ಅಲ್ಲ. ಕುಕ್ಕರಿನ ಕೊಳವೆಯಿಂದ ಹಬೆಯು ಧಾರೆಯಾಗಿ ಹೊರಡತೊಡಗಿದ ಮೇಲೆಯೇ ಅದರ ಮೇಲೆ ತೂಕವನ್ನಿಡಬೇಕೆಂಬ ನಿಯಮದ ಹಿಂದಿರುವುದು ಇದೇ ತತ್ತ್ವ. ಮೊದಲು ಹೊರಟುಹೋಗಬೇಕಾದುದು ಒಳಗಿನ ಗಾಳಿ.

೩

ಈಗ ೧೯ನೆಯ ಶತಮಾನಕ್ಕೆ ಹಿಂದಿರುಗೋಣ. ೧೮೮೧ರಲ್ಲಿ ರಾಬರ್ಟ್ ಕಾಕನೂ ವೊಲ್ಫ್‌ಹ್ಯೂಗೆಲನೂ ಬಿಸಿ ಒಣಗಾಳಿಯ ಶಕ್ತಿಯನ್ನು ಪರೀಕ್ಷಿಸಿದರು. ಬೀಜಾಣುಗಳನ್ನು, ಎಂದರೆ ಕೆಲವು ಬ್ಯಾಕ್ಟೀರಿಯಗಳು ತಾಳುವ ಅತಿ ಗಡುಸಾದ ಸುಪ್ತರೂಪಗಳನ್ನು, ಒಣಗಾಳಿಯಿಂದ ಕೊಲ್ಲಲು ೧೪೦ ಡಿಗ್ರಿಯಲ್ಲಿ ಮೂರು ಗಂಟೆಗಳ ಕಾಲ ಬೇಕಾಯಿತು. ಅಷ್ಟು ಹೊತ್ತು ಕಾಯಿಸಿದರೂ ಬಟ್ಟೆಯ ಕಟ್ಟುಗಳ ಒಳಭಾಗಕ್ಕೆ ಶಾಖ ಸರಿಯಾಗಿ ತಲಪಲಿಲ್ಲ. ಅದೇ ವರ್ಷ ಕಾಕನು ಗಾಫ್ಕಿ, ಲೋಫ್ಲರ್ ಇವರೊಡನೆ ನಡೆಸಿದ ಪ್ರಯೋಗಗಳು ಹರಿಯುವ ಹಬೆಯು ೧೦೦ ಡಿಗ್ರಿಯಲ್ಲಿಯೇ ಎಷ್ಟೋ ಮೇಲೆಂದು ತೋರಿಸಿದವು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಸಂಶೋಧಕರು ಉಷ್ಣತೆಯನ್ನು ಪೆಟ್ಟಿಗೆಯ ಅವಕಾಶದಲ್ಲಿ ಮಾತ್ರವಲ್ಲದೆ ಕಟ್ಟಿನ ಒಳಗೂ ಅಳೆಯಲು ಹೊರಟರು. ಬಟ್ಟೆಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಯಾವುದೆಂಬುದು ಅವರಿಗೆ ಆಗಲೇ ಗೊತ್ತಾಗಿತ್ತು.

ಹೀಗೆ ಜರ್ಮನಿಯಲ್ಲಿ ಹರಿಯುವ ಹಬೆಯೂ ಫ್ರಾನ್ಸಿನಲ್ಲಿ ಒತ್ತಡದ ಹಬೆಯೂ ಎರಡು ಬೇರೆ ಬೇರೆ ಪದ್ಧತಿಗಳಾಗಿ ಬೆಳೆದವು. ಸಂಗ್ರಹಗ್ರಂಥಗಳು ಎರಡನೆಯದನ್ನು ಮೊದಲನೆಯದರ ಸಹಜ ವಿಕಾಸವೆಂಬಂತೆ ಬರೆಯುತ್ತವೆ. ಒಂದು ದೃಷ್ಟಿಯಿಂದ ಇದು ನಿಜ. ಕೆಲವು ಬೀಜಾಣುಗಳು ೧೦೦ ಡಿಗ್ರಿಯನ್ನು ಬಹಳ ಹೊತ್ತು ಸಹಿಸಿಕೊಳ್ಳಬಲ್ಲುವಾದುದರಿಂದ ಅದಕ್ಕೆ ಮೀರಿದ ಉಷ್ಣತೆ ಅವಶ್ಯಕವಾಯಿತು, ಅದಕ್ಕೆ ಒತ್ತಡ ಬೇಕಾಯಿತು. ಆದರೆ ಹರಿಯುವ ಹಬೆಯಲ್ಲಿ ತಾನಾಗಿ ಇದ್ದ ಒಂದು ಗುಣವು ಮುಚ್ಚಿದ ಪಾತ್ರೆಯಲ್ಲಿ ಇಲ್ಲವಾಯಿತೆಂಬುದನ್ನು ಯಾರೂ ಹೇಳುವುದಿಲ್ಲ. ಹರಿಯುವ ಹಬೆಯು ಗಾಳಿಯನ್ನು ತನ್ನೊಡನೆ ಹೊರಕ್ಕೆ ಕೊಂಡೊಯ್ಯುತ್ತದೆ. ಮುಚ್ಚಿದ ಪಾತ್ರೆಯಾದರೋ, ಯಾರಾದರೂ ಬೇಕೆಂದು ಹೊರಹಾಕಿದ ಹೊರತು, ಗಾಳಿಯನ್ನು ಹಬೆಯೊಡನೆ ಸೆರೆಯಲ್ಲಿಟ್ಟುಕೊಂಡಿರುತ್ತದೆ. ಒತ್ತಡದ ಗಳಿಕೆಯೊಡನೆ ಗಾಳಿಯ ಸಮಸ್ಯೆಯೂ ಬಂದಿತು. ವಿಕಾಸವೆಂದು ನಾವು ಬರೆಯುವುದರಲ್ಲಿ ಇಂತಹ ಕೊಡುಕೊಳೆಯಿರುವುದನ್ನು ಮರೆಯಬಾರದು.

ಸಮಸ್ಯೆಯು ಕಾಣದೆ ಉಳಿಯಿತೆಂದು ಹೇಳುವಂತೆಯೂ ಇಲ್ಲ. ೧೯ನೆಯ ಶತಮಾನ ಮುಗಿಯುವುದರೊಳಗಾಗಿ ಮ್ಯಾಕ್ಸ್ ರೂಬ್ನರನು, ಹಬೆಯೊಡನೆ ಗಾಳಿ ಬೆರೆತಷ್ಟೂ ಅದರ ಕ್ರಿಮಿನಾಶಕ ಶಕ್ತಿ ಕುಂದುತ್ತದೆಂದು ಪ್ರಯೋಗದಿಂದ ತೋರಿಸಿದ್ದನು. ಡಾಲ್ಟನನ ನಿಯಮಕ್ಕೆ ಆಗ ಸುಮಾರು ನೂರು ವರ್ಷಗಳಾಗಿದ್ದವು. ಬ್ಲ್ಯಾಕನ ಗುಪ್ತೋಷ್ಣಕ್ಕೆ ಅದಕ್ಕಿಂತಲೂ ಹೆಚ್ಚು. ಎಂದ ಮೇಲೆ ೧೯೦೦ರ ವೇಳೆಗೆ ತಿಳಿಯಬೇಕಾದುದೆಲ್ಲವೂ ತಿಳಿದಿತ್ತು. ಹಾಗಿದ್ದ ಪಕ್ಷದಲ್ಲಿ ಮುಂದಿನ ಐವತ್ತು ಅರವತ್ತು ವರ್ಷಗಳ ವೃತ್ತಾಂತಕ್ಕೆ ಅರ್ಥವೇನು? ನಮ್ಮ ವಿಮರ್ಶೆಯ ಮುಖ್ಯ ಪ್ರಶ್ನೆ ಇದೇ.

೪

ಆ ಐವತ್ತು ವರ್ಷಗಳ ಶಸ್ತ್ರಕ್ರಿಯಾಗಾರದಲ್ಲಿ ಎರಡು ವಸ್ತುಗಳು ಮುಖ್ಯವಾಗಿ ಕಾಣುತ್ತವೆ. ಒಂದು, ಷಿಮ್ಮೆಲ್‌ಬುಷನ ಹೆಸರಿನಿಂದ ಪ್ರಸಿದ್ಧವಾದ ಲೋಹದ ಡ್ರಮ್ಮು. ಇನ್ನೊಂದು, ಆಟೋಕ್ಲೇವಿನ ಒತ್ತಡಮಾಪಕ.

ಡ್ರಮ್ಮಿನ ಪಕ್ಕಗಳಲ್ಲಿ ರಂಧ್ರಗಳಿದ್ದು ಅವುಗಳನ್ನು ಮುಚ್ಚಲು ಸರಿಯುವ ಪಟ್ಟಿಯೊಂದಿರುತ್ತಿದ್ದಿತು. ಶುದ್ಧಿಮಾಡುವಾಗ ರಂಧ್ರಗಳನ್ನು ತೆರೆದಿಟ್ಟು, ಮುಗಿದ ಮೇಲೆ ಮುಚ್ಚಿ, ಡ್ರಮ್ಮನ್ನು ಹಾಗೆಯೇ ಶಸ್ತ್ರಕ್ರಿಯಾಗಾರಕ್ಕೆ ಒಯ್ಯಬಹುದು. ಬಟ್ಟೆಯನ್ನು ಮತ್ತೆ ಮುಟ್ಟದೆ ಸಾಗಿಸಬಹುದಾದ ಈ ಏರ್ಪಾಡಿನ ಜಾಣತನವನ್ನು ಅಲ್ಲಗಳೆಯುವಂತಿಲ್ಲ. ಆದರೆ ತಣ್ಣನೆಯ ಗಾಳಿಯು ಹಬೆಗಿಂತ ಸುಮಾರು ಎರಡರಷ್ಟು ಭಾರ. ಅದು ಕೆಳಕ್ಕೆ ಇಳಿಯಬೇಕು, ತಳದಿಂದ ಹೊರಹೋಗಬೇಕು. ಪಕ್ಕದಲ್ಲಿ ಮಾತ್ರ ರಂಧ್ರಗಳಿದ್ದು ತಳವು ಮುಚ್ಚಿರುವ ಡ್ರಮ್ಮಿನಲ್ಲಿ ಗಾಳಿಗೆ ತಳವೇ ತಂಗುದಾಣವಾಗುತ್ತದೆ. ಅದರೊಳಗೆ ಬಟ್ಟೆಯನ್ನು ಒತ್ತಿ ತುಂಬಿದರಂತೂ ಹೇಳತಕ್ಕದ್ದೇ ಇಲ್ಲ. ಬಟ್ಟೆಗಳನ್ನು ಸಡಿಲವಾಗಿ, ಮಡಿಕೆಗಳು ನೆಟ್ಟಗೆ ನಿಲ್ಲುವಂತೆ ಜೋಡಿಸಬೇಕೆಂಬ ವಿಧಿಯ ಅರ್ಥವೂ ಇದೇ. ಗಾಳಿಗೆ ಇಳಿಯಲು ದಾರಿ ಬೇಕು.

ಈ ವಿಧಿಯನ್ನು ಪಾಲಿಸದಿರುವುದೇ ದೋಷಕ್ಕೆಲ್ಲ ಕಾರಣವೆಂದು ಹೇಳಿ, ಡ್ರಮ್ಮನ್ನು ತುಂಬಿದ ದಾದಿಯ ಮೇಲೆ ಹೊಣೆಯನ್ನು ಹೊರಿಸಿಬಿಡುವುದು ಸುಲಭ. ಈ ಬಗೆಯ ವಿವರಣೆಯನ್ನು ನಾವು ಒಪ್ಪುವುದಿಲ್ಲ. ದಾದಿಯು ವಿಧಿಯಂತೆ ತುಂಬಿದ ದಿನವೂ, ಒತ್ತಿ ತುಂಬಿದ ದಿನವೂ, ಯಂತ್ರವು ಅವಳಿಗೆ ತೋರಿಸುತ್ತಿದ್ದ ಗುರುತು ಒಂದೇ: ಮುಳ್ಳು ೧೫ ಪೌಂಡಿನ ಮೇಲೆ ನಿಂತಿದೆ. ಸರಿಯಾದ ಕೆಲಸಕ್ಕೂ ತಪ್ಪಾದ ಕೆಲಸಕ್ಕೂ ಒಂದೇ ಉತ್ತರವನ್ನು ಕೊಡುವ ಉಪಕರಣವನ್ನು ಕೈಗೆ ಕೊಟ್ಟು, ತಪ್ಪನ್ನು ತಿದ್ದಿಕೊಳ್ಳಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಮಾಪಕದ ಈ ಕೊರತೆಯನ್ನು ತಿದ್ದುವ ಗಂಭೀರ ಯತ್ನವು ಅಮೆರಿಕದಲ್ಲಿ ೧೯೩೦ರ ದಶಕದಲ್ಲಿ ಕಂಡುಬರುತ್ತದೆ. ೧೯೩೪ರಲ್ಲಿ ಪ್ರಕಟವಾದ ತನ್ನ ಪಠ್ಯಗ್ರಂಥದಲ್ಲಿ ಅಂಡರ್‌ವುಡ್ಡನು ಒತ್ತಡವನ್ನಲ್ಲದೆ ಉಷ್ಣತೆಯನ್ನೇ ಪ್ರಮಾಣವಾಗಿ ಹಿಡಿಯಬೇಕೆಂದೂ, ಉಷ್ಣಮಾಪಕವನ್ನು ಯಂತ್ರದ ತಳದಲ್ಲಿ ಗಾಳಿಯೂ ನೀರೂ ಹೊರಹೋಗುವ ಕೊಳವೆಯಲ್ಲಿ ಇಡಬೇಕೆಂದೂ ಪ್ರತಿಪಾದಿಸಿದನು. ಭಾರವಾದ ಗಾಳಿಯು ಕೊನೆಯದಾಗಿ ಹೊರಡುವ ಸ್ಥಳ ಅದೇ. ಅಲ್ಲಿಯೇ ಉಷ್ಣತೆ ೧೨೧ಕ್ಕೆ ಏರಿದ್ದರೆ ಪಾತ್ರೆಯ ಬೇರೆಡೆಗಳಲ್ಲಿಯೂ ಏರಿರಬೇಕೆಂಬುದು ತರ್ಕ. ಈ ಮಾತು ಪಾತ್ರೆಯ ಅವಕಾಶದ ಮಟ್ಟಿಗೆ ಸತ್ಯ. ಬಟ್ಟೆಯ ಕಟ್ಟಿನ ಒಳಭಾಗದ ಮಟ್ಟಿಗೆ ಮಾತ್ರ ಇದು ಇನ್ನೂ ಊಹೆಯೇ. ಕೊಳವೆಯ ಉಷ್ಣತೆ ೧೨೧ ಆದ ಮೇಲೆಯೂ ದಪ್ಪವಾದ ಕಟ್ಟಿನ ನಡುಭಾಗವು ಆ ಉಷ್ಣತೆಗೆ ಬರಲು ಹೆಚ್ಚು ಕಾಲ ಹಿಡಿಯಬಹುದು. ಹೀಗೆ ಒಬ್ಬ ಸಾಕ್ಷಿಯ ಬದಲು ಇನ್ನೊಬ್ಬ ಸಾಕ್ಷಿ ಬಂದಂತಾಯಿತು. ಘಟನೆ ನಡೆದ ಸ್ಥಳಕ್ಕೆ ಅವನು ಮೊದಲನೆಯವನಿಗಿಂತ ಹತ್ತಿರದವನು, ಆದರೆ ಪ್ರತ್ಯಕ್ಷದರ್ಶಿಯಲ್ಲ.

೫

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕಾಗಿದೆ. ಬಟ್ಟೆಗಳು ಇಷ್ಟು ಅನಿಶ್ಚಿತವಾಗಿ ಶುದ್ಧಿಯಾಗುತ್ತಿದ್ದ ಪಕ್ಷದಲ್ಲಿ ಆ ಕಾಲದ ಶಸ್ತ್ರಚಿಕಿತ್ಸೆಯು ಅಷ್ಟೊಂದು ಯಶಸ್ಸನ್ನು ಪಡೆದುದು ಹೇಗೆ, ದೋಷವು ಬಹುಕಾಲ ಬೆಳಕಿಗೆ ಬಾರದಿದ್ದುದು ಹೇಗೆ ಎಂದು ಕೇಳಬಹುದು. ಪ್ರಶ್ನೆ ಸಾಧುವಾಗಿಯೇ ಇದೆ. ಇದಕ್ಕೆ ನಮ್ಮ ಉತ್ತರ ಹೀಗೆ: ಗಾಯಗಳಲ್ಲಿ ಕೀವನ್ನುಂಟುಮಾಡುವ ಸಾಮಾನ್ಯ ಬ್ಯಾಕ್ಟೀರಿಯಗಳು ಬೀಜಾಣುಗಳನ್ನು ರೂಪಿಸತಕ್ಕವಲ್ಲ, ೧೦೦ ಡಿಗ್ರಿಗಿಂತ ಕಡಮೆಯಾದ ತೇವಶಾಖದಲ್ಲಿಯೂ ಅವು ಬೇಗನೆ ಸಾಯುತ್ತವೆ. ಅರೆಬರೆಯಾಗಿ ನಡೆದ ಶುದ್ಧಿಯೂ ಅವುಗಳನ್ನು ಬಹುಮಟ್ಟಿಗೆ ನಾಶಮಾಡುತ್ತಿತ್ತು. ಉಳಿದುಕೊಳ್ಳುವ ಸಂಭವವಿದ್ದುದು ಧನುರ್ವಾಯು, ಅನಿಲಯುಕ್ತ ಕೊಳೆತ ಮೊದಲಾದ ರೋಗಗಳ ಬೀಜಾಣುಗಳಿಗೆ. ಇವು ಕ್ವಚಿತ್ತಾಗಿ ಬರುವ ರೋಗಗಳು, ಬಂದಾಗ ಭಯಂಕರವಾದುವು. ಕ್ವಚಿತ್ತಾಗಿ ಬಂದ ಒಂದು ಸಾವಿಗೆ ಕಾರಣವನ್ನು ಹುಡುಕುವಾಗ ಕೈ, ಗಾಳಿ, ಧೂಳು, ಹೊಲಿಗೆಯ ದಾರ, ರೋಗಿಯ ಚರ್ಮ ಹೀಗೆ ಎಷ್ಟೋ ದಾರಿಗಳು ಕಾಣುತ್ತಿದ್ದವು. ಡ್ರಮ್ಮಿನ ನಡುವಣ ಬಟ್ಟೆಯ ಕಡೆಗೆ ಬೆರಳು ತೋರಿಸುವ ಪುರಾವೆ ಯಾವುದೂ ಉಳಿಯುತ್ತಿರಲಿಲ್ಲ.

ಆದುದರಿಂದ ದೋಷದ ದಾಖಲೆಯಿಲ್ಲವೆಂಬುದನ್ನು ದೋಷವಿರಲಿಲ್ಲವೆಂಬುದಕ್ಕೆ ದಾಖಲೆಯಾಗಿ ಹಿಡಿಯಲಾಗದು. ಚರಿತ್ರಕಾರನು ತನ್ನ ಬೇರೆಲ್ಲ ಕೆಲಸಗಳಲ್ಲಿ ಈ ಎಚ್ಚರಿಕೆಯನ್ನು ಪಾಲಿಸುತ್ತಾನೆ. ಶಾಸನ ದೊರೆಯದ ಊರಿನಲ್ಲಿ ಜನವಸತಿಯೇ ಇರಲಿಲ್ಲವೆಂದು ಯಾರೂ ಬರೆಯುವುದಿಲ್ಲ. ವಿಜ್ಞಾನದ ಚರಿತ್ರೆಗೆ ಬಂದೊಡನೆಯೇ ಈ ಎಚ್ಚರಿಕೆ ಸಡಿಲವಾಗುವುದನ್ನು ನಾವು ಕಾಣುತ್ತೇವೆ.

೬

ಪರಿಸ್ಥಿತಿಯು ಬದಲಾದುದು ಬ್ರಿಟನ್ನಿನಲ್ಲಿ, ೧೯೫೦ರ ದಶಕದ ಉತ್ತರಾರ್ಧದಲ್ಲಿ. ೧೯೫೬ರಲ್ಲಿ ಗ್ಲ್ಯಾಸ್ಗೋ ನಗರದ ಹೋವಿ ಮತ್ತು ಟಿಂಬರಿ ಎಂಬ ಸೂಕ್ಷ್ಮಜೀವಿ ವಿಜ್ಞಾನಿಗಳು ಶಸ್ತ್ರಕ್ರಿಯಾಗಾರದ ಯಂತ್ರಗಳನ್ನು ಪ್ರಯೋಗಶಾಲೆಯ ಪರೀಕ್ಷೆಗಳಿಗೆ ಒಳಪಡಿಸಿದ ಫಲಿತಾಂಶವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೫೮ರಲ್ಲಿ ನಫೀಲ್ಡ್ ಪ್ರಾವಿನ್ಷಿಯಲ್ ಹಾಸ್ಪಿಟಲ್ಸ್ ಟ್ರಸ್ಟ್ ಸಂಸ್ಥೆಯು ಆರು ಆಸ್ಪತ್ರೆಗಳಲ್ಲಿ ರೂಢಿಯಲ್ಲಿದ್ದ ಶುದ್ಧಿಕ್ರಮವನ್ನು ಪರಿಶೀಲಿಸಿ ವರದಿ ಮಾಡಿತು; ಕ್ರಮವು ತೃಪ್ತಿಕರವಾಗಿರಲಿಲ್ಲ. ಅದೇ ವರ್ಷ ನಾಕ್ಸ್ ಮತ್ತು ಪೆನಿಕೆಟ್ ಇವರು ಹಬೆಯನ್ನು ಬಿಡುವ ಮೊದಲು ಪಾತ್ರೆಯನ್ನು ನಿರ್ವಾತಗೊಳಿಸುವುದರ ಪರಿಣಾಮವನ್ನು ಬಟ್ಟೆಗಳ ಮೇಲೆ ಪರೀಕ್ಷಿಸಿದರು. ೧೯೫೯ರಲ್ಲಿ ಮೆಡಿಕಲ್ ರಿಸರ್ಚ್ ಕೌನ್ಸಿಲಿನ ಸಮಿತಿಯೊಂದು ಒತ್ತಡದ ಹಬೆಯಿಂದ ನಡೆಸುವ ಕ್ರಿಮಿಶುದ್ಧಿಯನ್ನು ಕುರಿತು ತನ್ನ ವರದಿಯನ್ನು ಹೊರಡಿಸಿತು. ಎಡಿನ್‌ಬರೊವಿನ ಆಸ್ಪತ್ರೆಯಲ್ಲಿದ್ದ ಬೋವಿಯ ಲೇಖನಗಳೂ ಇದೇ ಕಾಲದವು.

ಈ ಬರೆಹಗಳನ್ನು ಒಟ್ಟಿಗೆ ಓದಿದಾಗ ಅವುಗಳ ಸಾಮಾನ್ಯ ನಿಲವು ಸ್ಪಷ್ಟವಾಗುತ್ತದೆ. ಗಾಳಿಯು ತನ್ನ ಭಾರದಿಂದ ತಾನಾಗಿ ಇಳಿದುಹೋಗಲಿ ಎಂದು ಕಾಯುವುದು ಬಟ್ಟೆಯ ವಿಷಯದಲ್ಲಿ ಸಾಲದು. ಅದನ್ನು ಬಲವಂತವಾಗಿ ಹೊರಗೆಳೆಯಬೇಕು. ಪಾತ್ರೆಯ ಒಳಗಿನ ಒತ್ತಡವನ್ನು ಪಾದರಸದ ೨೦ ಮಿಲಿಮೀಟರಿಗೋ ಅದಕ್ಕಿಂತ ಕೆಳಕ್ಕೋ ಇಳಿಸಿ, ಆಮೇಲೆ ಹಬೆಯನ್ನು ಬಿಟ್ಟರೆ ಅದು ಕಟ್ಟಿನೊಳಕ್ಕೆ ಕ್ಷಣಮಾತ್ರದಲ್ಲಿ ವ್ಯಾಪಿಸುತ್ತದೆ. ಆಗ ೧೩೪ ಡಿಗ್ರಿಯಲ್ಲಿ ಮೂರು ನಿಮಿಷ ಸಾಕು. ೧೨೧ ಡಿಗ್ರಿಗಾದರೆ ಹದಿನೈದು ನಿಮಿಷ ಬೇಕು. ಕಾಲ ಉಳಿಯಿತು, ಅಧಿಕ ಶಾಖದಲ್ಲಿ ಬಹಳ ಹೊತ್ತು ಇದ್ದು ಸವೆಯುತ್ತಿದ್ದ ಬಟ್ಟೆಯೂ ಉಳಿಯಿತು.

ಆದರೆ ನಿರ್ವಾತವೆಂಬ ಮಾತು ಪೂರ್ಣ ನಿರ್ವಾತವೆಂಬ ಭ್ರಾಂತಿಗೆ ಎಡೆಗೊಡಬಾರದು. ೭೬೦ ಮಿಲಿಮೀಟರಿನಿಂದ ೨೦ಕ್ಕೆ ಇಳಿದರೂ ಗಾಳಿಯ ನೂರರಲ್ಲಿ ಎರಡೂವರೆ ಪಾಲಿಗೂ ಮೀರಿದ ಅಂಶ ಉಳಿದಿರುತ್ತದೆ. ನೂರು ಲೀಟರಿನ ಪಾತ್ರೆಯಲ್ಲಿ ಇದು ಸಾಧಾರಣ ಒತ್ತಡದ ಲೆಕ್ಕದಲ್ಲಿ ಎರಡೂವರೆ ಲೀಟರಿಗೂ ಹೆಚ್ಚು. ೧೩೪ ಡಿಗ್ರಿಯ ಹಬೆಯ ಒತ್ತಡದಲ್ಲಿ ಕುಗ್ಗಿದರೂ ಸುಮಾರು ಒಂದು ಲೀಟರ್. ಪಾತ್ರೆಯ ತುಂಬ ಕಟ್ಟುಗಳಿದ್ದರೆ ಈ ಗಾಳಿ ಅವುಗಳಲ್ಲಿ ಹಂಚಿಹೋಗುತ್ತದೆ. ದೊಡ್ಡ ಪಾತ್ರೆಯಲ್ಲಿ ಒಂದೇ ಒಂದು ಚಿಕ್ಕ ಕಟ್ಟನ್ನು ಇಟ್ಟರೆ, ನುಗ್ಗಿ ಬಂದ ಹಬೆಯು ಪಾತ್ರೆಯ ಗಾಳಿಯನ್ನು ತನ್ನ ಮುಂದೆ ತಳ್ಳಿಕೊಂಡು ಹೋಗಿ ಆ ಒಂದು ಕಟ್ಟಿನೊಳಕ್ಕೆ ಸೇರಿಸಿಬಿಡಬಹುದು. ಹೊರೆ ಚಿಕ್ಕದಾದಷ್ಟೂ ಕೆಲಸ ಸುಲಭವೆಂಬ ಲೋಕರೂಢಿಯ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ! ಈ ಕಾರಣದಿಂದಲೇ ಮುಂದೆ ಒಂದೇ ಸಲ ನಿರ್ವಾತಗೊಳಿಸುವುದರ ಬದಲು, ಗಾಳಿಯನ್ನು ಎಳೆದು ಹಬೆಯನ್ನು ಬಿಡುವ ಕ್ರಿಯೆಯನ್ನು ಹಲವು ಬಾರಿ ಮಾಡುವ ಪದ್ಧತಿ ರೂಢಿಗೆ ಬಂದಿತು. ಪ್ರತಿಬಾರಿಯೂ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿಯುವುದಾದರೆ ಮೂರು ಬಾರಿಗೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು. ಒಂದು ಬಾರಿಗೆ ಅಸಾಧ್ಯವಾದುದು ಪುನರಾವೃತ್ತಿಯಿಂದ ಸಾಧ್ಯವಾಯಿತು.

೭

ಇನ್ನು ಉಳಿದ ಪ್ರಶ್ನೆ, ಗಾಳಿಯು ನಿಜವಾಗಿ ಹೋಯಿತೇ ಎಂಬುದನ್ನು ತಿಳಿಯುವ ಬಗೆ ಹೇಗೆಂಬುದು. ೧೯೬೩ರಲ್ಲಿ ಬೋವಿ, ಕೆಲ್ಸಿ, ತಾಮ್ಸನ್ ಈ ಮೂವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಿವರಿಸಿದ, ಬೋವಿ ಮತ್ತು ಡಿಕ್ ಎಂಬ ಹೆಸರುಗಳಿಂದ ಪ್ರಸಿದ್ಧವಾದ ಪರೀಕ್ಷೆಯು ಈ ಪ್ರಶ್ನೆಗೆ ಉತ್ತರ. ಇದರ ಸರಳತೆ ಆಶ್ಚರ್ಯಕರವಾದುದು. ಹತ್ತಿಯ ಟವೆಲುಗಳನ್ನು ಮಡಿಸಿ, ಒಂದರ ಮೇಲೊಂದರಂತೆ ಸುಮಾರು ಹತ್ತು ಹನ್ನೊಂದು ಅಂಗುಲ ಎತ್ತರಕ್ಕೆ ಪೇರಿಸಬೇಕು. ಶಾಖಕ್ಕೆ ಬಣ್ಣ ಬದಲಾಗುವ ಅಂಟುಪಟ್ಟಿಯನ್ನು ಒಂದು ಕಾಗದದ ಮೇಲೆ ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡವಾಗಿ ಅಂಟಿಸಿ, ಆ ಕಾಗದವನ್ನು ಪೇರಿಕೆಯ ನಡುಮಧ್ಯದಲ್ಲಿಡಬೇಕು. ಈ ಒಂದು ಕಟ್ಟನ್ನು ಮಾತ್ರ ಯಂತ್ರದೊಳಗಿಟ್ಟು ೧೩೪ ಡಿಗ್ರಿಯಲ್ಲಿ ಮೂರೂವರೆ ನಿಮಿಷಗಳಷ್ಟು ಕಾಲ ನಡೆಸಬೇಕು. ಪಟ್ಟಿಯ ಗೆರೆಗಳು ತುದಿಯಿಂದ ತುದಿಯವರೆಗೆ ಒಂದೇ ಸಮನಾಗಿ ಕಪ್ಪಾದರೆ ಗಾಳಿ ಹೋಗಿದೆ. ಅಂಚುಗಳು ಕಪ್ಪಾಗಿ ನಡುಭಾಗ ಮಾತ್ರ ತಿಳಿಯಾಗಿ ಉಳಿದರೆ ಗಾಳಿಯ ಮಡುವು ಅಲ್ಲಿಯೇ ನಿಂತಿದೆ.

ಈ ಪರೀಕ್ಷೆಯನ್ನು ಒಂದು ಚಿಕ್ಕ ಉಪಾಯವೆಂದು ಅಡಿಟಿಪ್ಪಣಿಗೆ ತಳ್ಳುವ ವಾಡಿಕೆಯನ್ನು ನಾವು ಒಪ್ಪಲಾರೆವು. ರೂಬ್ನರನ ಪ್ರಯೋಗವು ವಿದ್ವಾಂಸನಿಗೆ ಗೊತ್ತಿದ್ದ ಸತ್ಯವನ್ನು ವಿದ್ವಾಂಸರಿಗೆ ತಿಳಿಸಿತು. ಈ ಕಾಗದವಾದರೋ ಅದೇ ಸತ್ಯವನ್ನು ಪ್ರತಿದಿನ ಬೆಳಗ್ಗೆ ಯಂತ್ರವನ್ನು ನಡೆಸುವವನ ಕಣ್ಣಿಗೇ ಕಾಣಿಸಿತು. ಸರಿಗೂ ತಪ್ಪಿಗೂ ಬೇರೆಬೇರೆ ಉತ್ತರ ಕೊಡುವ ಸಾಕ್ಷಿ ಅವನಿಗೆ ಮೊದಲ ಬಾರಿಗೆ ದೊರೆತುದು ಇಲ್ಲಿ. ಆ ಸಾಕ್ಷಿಯನ್ನು ನಿಲ್ಲಿಸಿದ ಸ್ಥಳವೂ ಘಟನೆಯ ಸ್ಥಳವೇ, ಎಂದರೆ ಬಟ್ಟೆಯ ನಡುಭಾಗವೇ. ೧೮೮೧ರಲ್ಲಿ ಕಟ್ಟಿನೊಳಗೆ ಉಷ್ಣತೆಯನ್ನು ಅಳೆಯಹೊರಟವರ ಪ್ರಶ್ನೆಯು ಎಂಬತ್ತೆರಡು ವರ್ಷಗಳ ತರುವಾಯ ಆಸ್ಪತ್ರೆಯ ನಿತ್ಯಕರ್ಮವಾಯಿತು. ಮಾಪಕ, ತಳದ ಕೊಳವೆಯ ಉಷ್ಣಮಾಪಕ, ಕಟ್ಟಿನ ಮಧ್ಯದ ಕಾಗದ: ಸಾಕ್ಷಿಯು ಹೀಗೆ ಹೆಜ್ಜೆ ಹೆಜ್ಜೆಯಾಗಿ ಬಟ್ಟೆಯ ಹತ್ತಿರಕ್ಕೆ ಬಂದ ಕ್ರಮವೇ ಈ ವಿದ್ಯೆಯ ಸರಿಯಾದ ಕಾಲವಿಭಾಗವೆಂದು ನಮ್ಮ ಅಭಿಪ್ರಾಯ.

ಆದರೆ ಈ ಪರೀಕ್ಷೆಯನ್ನು ಹೊಗಳುವ ಭರದಲ್ಲಿ ಅದಕ್ಕೆ ಇಲ್ಲದ ಅಧಿಕಾರವನ್ನು ಆರೋಪಿಸಬಾರದು. ಕಾಗದವು ಕಪ್ಪಾದುದರಿಂದ ಆ ದಿನ ಶುದ್ಧಿಮಾಡಿದ ಬಟ್ಟೆಗಳೆಲ್ಲವೂ ಕ್ರಿಮಿರಹಿತವೆಂದು ಸಿದ್ಧವಾಗುವುದಿಲ್ಲ. ಆ ಯಂತ್ರವು ಆ ಹೊತ್ತಿನಲ್ಲಿ ಆ ಒಂದು ಕಟ್ಟಿನಿಂದ ಗಾಳಿಯನ್ನು ಹೊರತೆಗೆಯಲು ಸಮರ್ಥವಾಗಿತ್ತೆಂಬುದಷ್ಟೇ ಸಿದ್ಧವಾಗುತ್ತದೆ. ಬಾಗಿಲಿನ ರಬ್ಬರು ಸವೆದು ನಿರ್ವಾತಕಾಲದಲ್ಲಿ ಹೊರಗಿನ ಗಾಳಿ ಒಳಸೇರಬಹುದು. ಬಾಯ್ಲರಿನ ನೀರಿನಲ್ಲಿ ಕರಗಿದ್ದ ಅನಿಲಗಳು ಹಬೆಯೊಡನೆಯೇ ಬರಬಹುದು. ಆದುದರಿಂದ ಪ್ರತಿ ಸರದಿಯ ಉಷ್ಣತೆಯ ದಾಖಲೆ, ಬೀಜಾಣುಗಳಿಂದ ಮಾಡುವ ಪರೀಕ್ಷೆ ಇವುಗಳೂ ಬೇಕೇ ಬೇ‌ಕು. ಒತ್ತಡಮಾಪಕವು ಒಮ್ಮೆ ಹೇಗೆ ಪೂಜಾವಸ್ತುವಾಯಿತೋ ಹಾಗೆ ಕಾಗದವೂ ಆಗಬಲ್ಲುದು. ಯಾವ ಸಾಕ್ಷಿಯನ್ನೇ ಆಗಲಿ ಅವನು ಕಂಡುದಕ್ಕಿಂತ ಹೆಚ್ಚಿನದಕ್ಕೆ ಸಾಕ್ಷಿಹಾಕಿಸಬಾರದು.

೮

ಇದು ಕೇವಲ ತರ್ಕದ ಮಾತಲ್ಲವೆಂಬುದನ್ನು ೧೯೭೨ರ ದುರಂತವೊಂದು ತೋರಿಸಿಕೊಟ್ಟಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಪ್ಲಿಮತ್ ನಗರದ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ, ರಕ್ತನಾಳಕ್ಕೆ ಬಿಡುವ ಡೆಕ್ಸ್‌ಟ್ರೋಸ್ ದ್ರಾವಣವು ಕಲುಷಿತವಾಗಿದ್ದುದರಿಂದ ರೋಗಿಗಳು ಮೃತಪಟ್ಟರು. ಕ್ಲೋದಿಯರ್ ಎಂಬವರ ಅಧ್ಯಕ್ಷತೆಯಲ್ಲಿ ನಡೆದ ವಿಚಾರಣೆಯ ವರದಿ ಅದೇ ವರ್ಷ ಹೊರಬಿದ್ದಿತು. ಇಲ್ಲಿ ಶುದ್ಧಿಯಾಗಬೇಕಾಗಿದ್ದುದು ಬಟ್ಟೆಯಲ್ಲ, ಸೀಸೆಗಳು. ಆದರೆ ಅಪರಾಧಿ ಅದೇ ಗಾಳಿ. ೧೯೭೧ರಲ್ಲಿ ಆ ದ್ರಾವಣವನ್ನು ತಯಾರಿಸಿದಾಗ ಆಟೋಕ್ಲೇವಿನ ತಳದಲ್ಲಿ ಗಾಳಿ ಉಳಿದು, ಕೆಳಸಾಲಿನ ಸೀಸೆಗಳು ಬೇಕಾದ ಉಷ್ಣತೆಗೆ ಏರಿರಲಿಲ್ಲ. ತಳದ ಉಷ್ಣತೆಯನ್ನು ದಾಖಲಿಸುವ ಉಪಕರಣವು ಈ ಕೊರತೆಯನ್ನು ತೋರಿಸಿಯೇ ಇದ್ದಿತು. ಬೇರೆ ಮಾಪಕಗಳು ಸರಿಯಾದ ಅಂಕೆಗಳನ್ನು ತೋರಿಸುತ್ತಿದ್ದುದರಿಂದ, ದಾಖಲೆಯ ಉಪಕರಣವೇ ಕೆಟ್ಟಿದೆಯೆಂದು ಭಾವಿಸಲಾಯಿತು.

ನಾಲ್ವರು ಸಾಕ್ಷಿಗಳಲ್ಲಿ ಮೂವರು ಒಂದು ಮಾತನ್ನೂ ಒಬ್ಬನು ಇನ್ನೊಂದು ಮಾತನ್ನೂ ಹೇಳಿದಾಗ ಬಹುಮತದಿಂದ ತೀರ್ಮಾನಿಸುವುದು ಮನುಷ್ಯಸ್ವಭಾವ. ಘಟನೆಯ ಸ್ಥಳದಲ್ಲಿ ಇದ್ದವನು ಆ ಒಬ್ಬನೇ ಎಂಬುದನ್ನು ವಿಚಾರಿಸುವುದು ವಿಮರ್ಶಕನ ಧರ್ಮ. ಗಾಳಿಯ ಸಮಸ್ಯೆಯು ಬಗೆಹರಿದುಹೋಯಿತೆಂದು ನಾವು ಬರೆಯತಕ್ಕ ಕಾಲದಲ್ಲಿ ಈ ಘಟನೆ ನಡೆಯಿತೆಂಬುದನ್ನು ನೆನೆದರೆ, ಸಂಗ್ರಹಗ್ರಂಥಗಳ ಕಥೆಯನ್ನು ೧೮೯೦ರ ದಶಕಕ್ಕೆ ಮುಗಿಸುವುದು ಎಷ್ಟು ಅಸಂಗತವೆಂಬುದು ವೇದ್ಯವಾಗುತ್ತದೆ.

೯

ನಮ್ಮ ವಿಮರ್ಶೆಯ ಸಾರಾಂಶವನ್ನು ಹೀಗೆ ಹೇಳಬಹುದು. ಪ್ರಚಲಿತ ನಿರೂಪಣೆಯ ಮೊದಲನೆಯ ದೋಷ, ಒಂದು ಸತ್ಯವನ್ನು ಕಂಡುಹಿಡಿದ ವರ್ಷವನ್ನೇ ಅದು ಆಚರಣೆಗೆ ಬಂದ ವರ್ಷವೆಂದು ಎಣಿಸುವುದು. ರೂಬ್ನರನ ಪ್ರಯೋಗಕ್ಕೂ ಬೋವಿ ಮತ್ತು ಡಿಕ್ ಪರೀಕ್ಷೆಗೂ ನಡುವೆ ಸುಮಾರು ಅರವತ್ತೈದು ವರ್ಷಗಳ ಅಂತರವಿದೆ. ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿದ ರೋಗಿಯ ಪಾಲಿಗೆ ಚರಿತ್ರೆಯೆಂದರೆ ಆ ಅಂತರವೇ. ಎರಡನೆಯದು, ಒತ್ತಡವನ್ನು ಕಾರಣವೆಂದು ಬರೆಯುವುದು. ಒತ್ತಡವು ಸಾಧನಮಾತ್ರ, ಕ್ರಿಮಿಯನ್ನು ಕೊಲ್ಲುವುದು ಎಳೆಯನ್ನು ಮುಟ್ಟಿ ನೀರಾಗುವ ಹಬೆಯ ಶಾಖ. ಮೂರನೆಯದು, ಯಂತ್ರದ ಮೌನಕ್ಕೆ ಯಂತ್ರ ನಡೆಸುವವರನ್ನು ಹೊಣೆಮಾಡುವುದು.

ವಿದ್ಯಾರ್ಥಿಗಳು ಇಲ್ಲಿ ಗ್ರಹಿಸಬೇಕಾದ ಪಾಠವು ಆಸ್ಪತ್ರೆಗೆ ಮಾತ್ರ ಸಂಬಂಧಿಸಿದುದಲ್ಲ. ಒತ್ತಡಮಾಪಕವು ಸುಳ್ಳು ಹೇಳಲಿಲ್ಲ. ತನ್ನನ್ನು ಕೇಳಿದ ಪ್ರಶ್ನೆಗೆ ಅದು ಪ್ರತಿಬಾರಿಯೂ ಸರಿಯಾದ ಉತ್ತರವನ್ನೇ ಕೊಟ್ಟಿತು. ಕೇಳಬೇಕಾಗಿದ್ದ ಪ್ರಶ್ನೆ ಬೇರೆಯಾಗಿತ್ತು. ನಾವು ಬಳಸುವ ಶಾಸನ, ಕಡತ, ಲೆಕ್ಕಪತ್ರಗಳಲ್ಲಿಯೂ ಇಂತಹ ಪ್ರಾಮಾಣಿಕ ಮಾಪಕಗಳು ಎಷ್ಟೋ ಉಂಟು. ದತ್ತಿಯ ಶಾಸನವು ದತ್ತಿಯನ್ನು ಕೊಟ್ಟುದಕ್ಕೆ ಸಾಕ್ಷಿ. ಅದು ನಡೆದುಬಂದುದಕ್ಕೆ ಸಾಕ್ಷಿಯಲ್ಲ. ಕಂದಾಯದ ಕಡತವು ಗೊತ್ತುಮಾಡಿದ ಮೊಬಲಗಿಗೆ ಸಾಕ್ಷಿ. ರೈತನ ಕಣಜದಲ್ಲಿ ಉಳಿದುದಕ್ಕೆ ಸಾಕ್ಷಿಯಲ್ಲ. ಯಾವ ದಾಖಲೆಯನ್ನೇ ಕೈಗೆತ್ತಿಕೊಂಡರೂ, ಇದು ಏನನ್ನು ಅಳೆಯಿತು, ಎಲ್ಲಿ ನಿಂತು ಅಳೆಯಿತು ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳತಕ್ಕದ್ದು. ವೈದ್ಯಚರಿತ್ರೆಯನ್ನು ಬೋಧಿಸುವ ಅಧ್ಯಾಪಕರು ಆಟೋಕ್ಲೇವಿನ ಒಂದೆರಡು ಪುಟಗಳಿಗೆ ಬಂದಾಗ ಬಟ್ಟೆಯ ಕಟ್ಟಿನ ನಡುವಣ ಗಾಳಿಯನ್ನೂ ಅದರ ಮೇಲೆ ತಿಳಿಯಾಗಿ ಉಳಿದ ಕಾಗದದ ಕಲೆಯನ್ನೂ ಒಂದು ಗಳಿಗೆ ಪ್ರಸ್ತಾಪಿಸಿದರೆ, ಪ್ರಕೃತ ಲೇಖನದ ಶ್ರಮ ಸಾರ್ಥಕವಾದಂತೆಯೇ ಸರಿ.